ಕಿವಿ ಹೇಳಿದ್ದೊಂದು, ಮೂಗು ಹೇಳಿದ್ದೊಂದು

ಪಾಂಡವಪುರದ ನಮ್ಮ ಕ್ಯಾಂಪಿನ ಗೇಟಿಗೆ ಗೊಬ್ಬರದ ಅಂಗಡಿ ಯಜಮಾನರು ಬಂದಾಗ ನಾನು ಆ ದಿನದ ಮೊದಲ ನಾಯಿಗೆ ಮಂಪರಿನ ಔಷಧಿಯನ್ನು ಸಿರಿಂಜಿಗೆ ಎಳೆಯುತ್ತಿದ್ದೆ. ಒಳಗೆ ಬನ್ನಿ ಎಂದರೂ ಅವರು ಬರಲಿಲ್ಲ. ರಸ್ತೆಯಲ್ಲೇ ನಿಂತು, ಎದುರಿನ ಟೀ ಅಂಗಡಿಗೂ ಕೇಳಿಸುವ ಹಾಗೆ ಮಾತು ಶುರು ಮಾಡಿದರು.

“ಡಾಕ್ಟ್ರಮ್ಮ, ನೀವು ಆಪ್ರೇಸನ್ ಮಾಡಿರೋ ಎಣ್ಣಾಯಿ ಇಂದೆ ಊರ್ ಗಂಡ್ನಾಯೆಲ್ಲ ಸುತ್ತಾವೆ. ನಮ್ ಬೀದೀಲಿ ಎಂಗಸ್ರು ಮಕ್ಳು ಓಡಾಡಂಗಿಲ್ಲ. ಕಿವಿ ಕುಯ್ದು ಬುಟ್ಬುಟ್ರೆ ಆಪ್ರೇಸನ್ ಆಗೋಯ್ತಾ?”

“ಯಾವ ನಾಯಿ ಯಜಮಾನರೇ?”

“ಕೆಂದ ನಾಯಿ. ಎಡಗಿವಿ ತುದಿ ಇಲ್ಲ. ನಿಮ್ದೇ ಗುರ್ತು ಅಲ್ವಾ ಅದು?”

ಗುರುತು ನಮ್ಮದೇ. ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹಿಡಿದ ಜಾಗದಲ್ಲೇ ಬಿಡುವುದು ನಮ್ಮ ಕೆಲಸ. ಹೊಲಿಗೆ ಮುಗಿದ ಮೇಲೆ, ನಾಯಿ ಇನ್ನೂ ಮಂಪರಿನಲ್ಲಿರುವಾಗಲೇ, ಎಡಗಿವಿಯ ತುದಿಯನ್ನು ಕಾಯಿಸಿದ ಕತ್ತರಿಯಿಂದ ನೇರವಾಗಿ ಕುಯ್ಯುತ್ತೇವೆ. ಮತ್ತೆ ಅದೇ ನಾಯಿಯನ್ನು ಹಿಡಿದು ಹೊಟ್ಟೆ ಸೀಳಬಾರದಲ್ಲ, ಅದಕ್ಕೆ. ನಾಗಮಂಗಲದಲ್ಲಿ, ಕೆ.ಆರ್.ಪೇಟೆಯಲ್ಲಿ ಕೆಲಸ ಮುಗಿಸಿ ಪಾಂಡವಪುರಕ್ಕೆ ಬಂದಿದ್ದೆವು. ಮುಂದಿನದು ಶ್ರೀರಂಗಪಟ್ಟಣ. ಅಲ್ಲಿಯವರೆಗೆ ಜನ ನಮ್ಮನ್ನು ಬೈದಿದ್ದರು, ಕಲ್ಲು ಎತ್ತಿದ್ದರು, ನಾಯಿಗೂ ಕುಟುಂಬ ಯೋಜನೆಯೇ ಎಂದು ನಕ್ಕಿದ್ದರು. ಮೋಸಗಾರರು ಅಂತ ಮಾತ್ರ ಯಾರೂ ಅಂದಿರಲಿಲ್ಲ.

ನಾನು ಮೊದಲಿನಿಂದಲೂ ಅನುಮಾನದ ಪ್ರಾಣಿ. ಹಾಲಿನವನು ಪಾತ್ರೆ ಇಳಿಸುವ ಮೊದಲೇ ಬೆರಳು ಅದ್ದಿ ನೋಡುವ ತಾಯಿಯ ಮಗಳು. ಹಾಗಾಗಿ ಮೊದಲ ಅನುಮಾನ ಬಂದದ್ದು ಯಜಮಾನರ ಮೇಲೇ. ಯಾವುದೋ ಕಚ್ಚಾಟದಲ್ಲಿ ಕಿವಿ ಹರಿದ ನಾಯಿಯನ್ನು ನೋಡಿ ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ಸೂಜಿ ಕೆಳಗಿಟ್ಟು, ಕೈತೊಳೆದುಕೊಂಡು ಅವರ ಹಿಂದೆ ಹೊರಟೆ. ನಮ್ಮ ಬಲೆ ಭಾಯ್ ಕೂಡ ಬಂದರು.

ಬಲೆ ಭಾಯ್ ಅಂದರೆ ನಮ್ಮಲ್ಲಿ ನಾಯಿ ಹಿಡಿಯುವವರು. ಶ್ರೀರಂಗಪಟ್ಟಣದವರು. ಮೊದಲು ಗೂಡ್ಸ್ ಆಟೋ ಓಡಿಸುತ್ತಿದ್ದರು. ಅವರು ಬಲೆ ಬೀಸಿದರೆ ನಾಯಿ ಗಾಬರಿಯಾಗುವ ಮುಂಚೆಯೇ ಮುಗಿದಿರುತ್ತಿತ್ತು. ಹಿಡಿಯುವುದು, ಬಿಡುವುದು, ಹೊಲಿಗೆಯಾದ ಮೇಲೆ ಕಿವಿ ಕುಯ್ಯುವುದು, ಮೂರೂ ಅವರದೇ. ಅವರು ಕಿವಿ ಕುಯ್ಯುವ ಹೊತ್ತಿಗೆ ನಾನು ಮುಂದಿನ ನಾಯಿಯ ಹೊಟ್ಟೆಯಲ್ಲಿರುತ್ತಿದ್ದೆ. ಅತ್ತ ತಿರುಗಿ ನೋಡುತ್ತಿರಲಿಲ್ಲ.

ಬೀದಿಯ ತಿರುವಿನಲ್ಲೇ ದಂಡು ಸಿಕ್ಕಿತು. ನಡುವೆ ಕೆಂದ ಹೆಣ್ಣುನಾಯಿ, ಸುತ್ತ ಗಂಡುಗಳು. ಅದು ನಾಲ್ಕು ಹೆಜ್ಜೆ ನಡೆಯುವುದು, ಒಂದು ಕಲ್ಲಿನ ಪಕ್ಕ ಕುಕ್ಕರಿಸಿ ನಾಲ್ಕೇ ಹನಿ ಉಚ್ಚೆ ಬಿಡುವುದು, ಮತ್ತೆ ಮುಂದೆ ಹೋಗುವುದು. ಬೆದೆಗೆ ಬಂದ ಹೆಣ್ಣುನಾಯಿ ಒಂದೇ ಕಡೆ ಪೂರ್ತಿ ಹೊಯ್ಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಊರೆಲ್ಲ ಹಂಚುತ್ತದೆ. ನಾನಿದ್ದೇನೆ, ಇಂಥ ಸ್ಥಿತಿಯಲ್ಲಿದ್ದೇನೆ ಅಂತ ಹೇಳುವ ರೀತಿ ಅದು. ಅದರ ಹಿಂದೆ ಬಂದ ಬಿಳಿ ಗಂಡುನಾಯಿ ಆ ಕಲ್ಲಿಗೆ ಮೂಗು ಹಚ್ಚಿ, ನೆಕ್ಕಿ, ನಾಲಗೆಯನ್ನು ಅಂಗುಳಿಗೆ ಒತ್ತಿಕೊಂಡು ಹಲ್ಲು ಕಟಕಟ ಮಾಡಿತು. ಬಾಯಂಚಿಗೆ ನೊರೆ ಬಂತು. ನಾಯಿಗೆ ಅಂಗುಳಿನ ಮೇಲೆ, ಮೂಗಿನ ಬುಡದಲ್ಲಿ, ಇನ್ನೊಂದು ಪುಟ್ಟ ಅಂಗವಿದೆ. ಇಂಥ ವಾಸನೆ ಓದುವುದಕ್ಕೇ ಇರುವುದು. ಓದಿ ಮುಗಿಸಿದ ಬಿಳಿಯ ಅದೇ ಕಲ್ಲಿಗೆ ಕಾಲೆತ್ತಿ ತನ್ನದನ್ನೂ ಹೊಯ್ದ. ಹಿಂದಿನವನು ಬಂದು ಎರಡನ್ನೂ ಓದಿದ.

ಹೆಣ್ಣುನಾಯಿ ನಮ್ಮತ್ತ ತಿರುಗಿತು. ಎಡಗಿವಿಯ ತುದಿ ಇರಲಿಲ್ಲ. ಕಚ್ಚಾಟದ ಹರುಕಲ್ಲ, ಕತ್ತರಿಯ ಗೆರೆ.

“ಆ ಕರೀದ್ ನೋಡಿ,” ಎಂದರು ಯಜಮಾನರು. ದಂಡಿನ ಹಿಂದೆ ಕಿವಿ ಕುಯ್ದ ಕರಿ ಗಂಡುನಾಯಿಯೊಂದು ನಿಂತಿತ್ತು. “ಅದ್ಕೂ ಬೀಜ ತೆಗ್ದಿದೀವಿ ಅಂತೀರಿ. ಅದ್ಯಾಕ್ ಬಂತು?”

ಬೀಜ ತೆಗೆದರೂ ಮೂಗು ಇರುತ್ತದೆ, ಸುದ್ದಿ ಅದಕ್ಕೂ ತಲುಪುತ್ತದೆ, ಬರುತ್ತದೆ, ಏನೂ ಮಾಡಲಾರದೆ ಹೋಗುತ್ತದೆ ಅಂತ ಹೇಳಿದೆ. ಸುತ್ತ ಸೇರಿದ್ದ ಗಂಡಸರು ನಕ್ಕರು. ಯಜಮಾನರು ನಗಲಿಲ್ಲ. ಅವರು ಭಾಯ್ ಮುಖವನ್ನೇ ನೋಡುತ್ತಿದ್ದರು.

ಮಾರನೆಯ ದಿನ ಪುರಸಭೆ ಕಚೇರಿಯಿಂದ ಕರೆ ಬಂತು. ಯಜಮಾನರು ಅರ್ಜಿ ಕೊಟ್ಟಿದ್ದರು. ನಾಯಿ ಹಿಡಿಯುವವನು ಹಿಡಿದ ನಾಯಿಗಳಲ್ಲಿ ಕೆಲವಕ್ಕೆ ಬರೀ ಕಿವಿ ಕುಯ್ದು ಬಿಟ್ಟು, ನಾಯಿಗಿಷ್ಟು ಅಂತ ಸಿಗುವ ದುಡ್ಡಿನ ಲೆಕ್ಕಕ್ಕೆ ಸೇರಿಸುತ್ತಿದ್ದಾನೆ ಅಂತ. ಅಷ್ಟೇ ಅಲ್ಲ. ನಾವು ತೆಗೆದ ಗರ್ಭಕೋಶಗಳನ್ನು ಪರಿಶೀಲನಾ ಸಮಿತಿಗೆ ತೋರಿಸಲು ಔಷಧಿ ನೀರಿನ ಡಬ್ಬದಲ್ಲಿ ಇಡುತ್ತೇವೆ. ಭಾಯ್ ಭಾಮೈದ ಮಟನ್ ಅಂಗಡಿ ಇಟ್ಟಿದ್ದಾರೆ; ಆ ಡಬ್ಬದಲ್ಲಿರುವುದು ಮೇಕೆಯದು ಅಂತ ಊರಲ್ಲಿ ಮಾತು.

“ನಾನು ನಂಬ್ತೀನಿ ಅಂತ ಅಲ್ಲ ಡಾಕ್ಟ್ರೇ,” ಅಲ್ಲಿನ ಅಧಿಕಾರಿ ಒಳ್ಳೆಯ ಮಾತಿನಲ್ಲೇ ಹೇಳಿದರು. “ಅರ್ಜಿ ಬಂದ್ಮೇಲೆ ಉತ್ತರ ಕೊಡ್ಬೇಕಲ್ಲ. ಶುಕ್ರವಾರ ಸಭೆ ಅದೆ. ಅಷ್ಟ್ರೊಳ್ಗೆ ಆ ನಾಯಿ ವಿಚಾರ ಏನು ಅಂತ ತಿಳ್ಸಿ. ಇಲ್ಲಾಂದ್ರೆ ಆ ಮನುಷ್ಯನ್ ಮೇಲೆ ದೂರು ಕೊಡ್ಬೇಕಾಯ್ತದೆ, ಸ್ಟೇಷನ್ನಿಗೆ ಓಯ್ತದೆ.”

ಭಾಯ್‌ಗೆ ಹೇಳಿದೆ. ಅವರು ಗೂಡುಗಳಿಗೆ ನೀರು ಹಾಕುತ್ತಿದ್ದರು. ಪೈಪು ಕೆಳಗಿಟ್ಟು, “ಅಲ್ಲಾ ಕಸಮ್ ಮೇಡಮ್ಮಾ, ಮಂಪರಲ್ಲಿ ಇಲ್ದಿರೋ ನಾಯಿ ಕಿವಿಗೆ ನಾನು ಕತ್ತರಿ ಇಟ್ಟೋನಲ್ಲ,” ಎಂದರು. ನಾನು “ಗೊತ್ತು ಭಾಯ್” ಅಂದೆ. ನನ್ನ ಧ್ವನಿ ನನಗೇ ಸರಿಯೆನಿಸಲಿಲ್ಲ.

ನಾಯಿಯನ್ನು ಹಿಡಿದು ತಂದೆವು. ಬೆದೆಯ ದಂಡಿನ ನಡುವಿನಿಂದ ಹೆಣ್ಣನ್ನು ಎತ್ತುವುದು ಹುಡುಗಾಟವಲ್ಲ, ಗಂಡುಗಳು ಮೈಮೇಲೆ ಬರುತ್ತವೆ. ಭಾಯ್ ಬಲೆ ಬೀಸಿದರು, ನಾನು ಸೂಜಿ ಚುಚ್ಚಿದೆ. ಆಶ್ಚರ್ಯವೆಂದರೆ ಅದು ಕಿರುಚಲಿಲ್ಲ, ಕಚ್ಚಲಿಲ್ಲ. ಎತ್ತಿಕೊಂಡರೆ ಎತ್ತಿಸಿಕೊಂಡಿತು. ಮೈಮೇಲೆ ರಕ್ತ ಹೀರುವ ಉಣ್ಣೆಹುಳ ಒಂದೂ ಇಲ್ಲ. ಅದೇ ಬೀದಿಯ ಬೇರೆ ನಾಯಿಗಳೆಲ್ಲ ಉಣ್ಣೆಯ ಗೂಡಾಗಿದ್ದವು. ಇದನ್ನು ಯಾರೋ ಕೂರಿಸಿಕೊಂಡು ಹೆಕ್ಕಿದ್ದಾರೆ.

ಮೇಜಿನ ಮೇಲೆ ನನ್ನ ತಲೆಯಲ್ಲಿದ್ದದ್ದು ಮೂರು ಪ್ರಶ್ನೆ. ಇದು ನಿಜವಾದ ಬೆದೆಯೇ? ಗರ್ಭದ ದಾರಿಯಲ್ಲಿ ಕೀವಾದರೂ ಅದರ ವಾಸನೆಗೆ ಗಂಡುನಾಯಿಗಳು ಮೋಸ ಹೋಗಿ ಹಿಂದೆ ಬೀಳುತ್ತವೆ. ಬೆದೆಯೇ ಆದರೆ, ಆಪರೇಷನ್‌ನಲ್ಲಿ ಅಂಡಾಶಯದ ಚೂರು ಒಳಗೆ ಉಳಿದುಕೊಂಡಿದೆಯೇ? ಒಂದು ಚೂರು ಉಳಿದರೂ ಸಾಕು, ನಾಯಿ ಮತ್ತೆ ಬೆದೆಗೆ ಬರುತ್ತದೆ. ಅದೂ ಅಲ್ಲದಿದ್ದರೆ, ಆಪರೇಷನ್ನೇ ಆಗಿಲ್ಲ.

ಹತ್ತಿಯ ಕಡ್ಡಿಯನ್ನು ಉಪ್ಪುನೀರಲ್ಲಿ ಅದ್ದಿ ಒಳಗಿನಿಂದ ಲೋಳೆ ತೆಗೆದು, ಗಾಜಿನ ಮೇಲೆ ಉರುಳಿಸಿ, ನೀಲಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬೆದೆ ಇಲ್ಲದಾಗ ಅಲ್ಲಿನ ಕೋಶಗಳು ದುಂಡಗಿರುತ್ತವೆ, ನಡುವೆ ಕಪ್ಪು ಚುಕ್ಕೆ. ಬೆದೆ ಏರಿದಂತೆ ಅವು ದೊಡ್ಡದಾಗಿ, ಮೂಲೆ ಮೂಲೆಯಾಗಿ, ಮಡಚಿದ ಅಂಚಿನ ಹಪ್ಪಳದ ಚೂರುಗಳ ಹಾಗೆ ಆಗುತ್ತವೆ, ಚುಕ್ಕೆ ಅಳಿಸಿಹೋಗುತ್ತದೆ. ಗಾಜಿನ ತುಂಬ ಹಪ್ಪಳದ ಚೂರು. ಕೀವಿನ ಕಣ ಒಂದೂ ಇಲ್ಲ. ಗಂಡುನಾಯಿಗಳು ಮೋಸ ಹೋಗಿರಲಿಲ್ಲ.

ಆಮೇಲೆ ಬಲಪಕ್ಕೆಯ ಕೂದಲು ಬೋಳಿಸಿದೆ. ನಮ್ಮ ಕ್ಯಾಂಪಿನಲ್ಲಿ ಕುಯ್ಯುವುದು ಅಲ್ಲೇ. ಗಾಯ ಎಷ್ಟೇ ಚೆನ್ನಾಗಿ ಮಾಯ್ದರೂ ಒಂದು ಬಿಳಿ ಗೆರೆ ಉಳಿಯುತ್ತದೆ. ಗೆರೆ ಇರಲಿಲ್ಲ. ಎಡಪಕ್ಕೆ ಬೋಳಿಸಿದೆ. ಹೊಟ್ಟೆಯ ಕೆಳಗೂ ಬೋಳಿಸಿದೆ. ಎಲ್ಲೂ ಕತ್ತಿ ಆಡಿದ ಗುರುತಿಲ್ಲ. ಆಪರೇಷನ್ ಆಗಿಲ್ಲ, ಕಿವಿ ಮಾತ್ರ ಕುಯ್ದಿದೆ. ಯಜಮಾನರು ಹೇಳಿದ್ದು ಅಕ್ಷರಕ್ಕಕ್ಷರ ನಿಜವಾಗಿತ್ತು.

ಕಿವಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಭಾಯ್ ಕುಯ್ದರೆ ಗೆರೆ ಅಳತೆಪಟ್ಟಿ ಇಟ್ಟ ಹಾಗೆ ನೇರ. ಇದು ಓರೆ, ಒಂದು ಕಡೆ ಕಚ್ಚು. ಕುಯ್ಯುವಾಗ ನಾಯಿ ಎಚ್ಚರವಿತ್ತು, ತಲೆ ಕೊಡವಿತ್ತು. ಇದನ್ನು ಹೀಗೂ ಓದಬಹುದು: ಭಾಯ್ ಅಲ್ಲ. ಹಾಗೂ ಓದಬಹುದು: ಮಂಪರು ಕೊಡದೆ, ಯಾರೂ ನೋಡದ ಕಡೆ, ಗಡಿಬಿಡಿಯಲ್ಲಿ ಕುಯ್ದ ಭಾಯ್. ನನ್ನ ಅನುಮಾನದ ಬುದ್ಧಿ ಎರಡನೆಯದನ್ನೇ ಹಿಡಿದುಕೊಂಡಿತು. ನಾಗಮಂಗಲದಿಂದ ಒಟ್ಟಿಗೆ ಊಟ ಮಾಡಿಕೊಂಡು ಬಂದ ಮನುಷ್ಯ.

ಮಧ್ಯಾಹ್ನ ಅವರು ನಮಾಜಿಗೆ ಹೋದಾಗ ನಾನು ಡಬ್ಬದ ಮುಚ್ಚಳ ತೆಗೆದೆ. ಕಣ್ಣು ಉರಿಯುವ ಘಾಟು. ಗ್ಲೌಸು ಹಾಕಿಕೊಂಡು ಒಂದೊಂದಾಗಿ ಎತ್ತಿ ನೋಡಿದೆ. ನಾಯಿಯ ಗರ್ಭಕೋಶ ಕವೆಕೋಲಿನ ಹಾಗೆ, ಉದ್ದುದ್ದ ಎರಡು ಕವಲು. ಮೇಕೆಯದು ಸುರುಳಿ ಸುತ್ತಿದ ಟಗರಿನ ಕೊಂಬಿನ ಹಾಗೆ. ಎರಡನ್ನೂ ಬೆರೆಸಿ ಇಟ್ಟರೆ ಯಾವ ಪಶುವೈದ್ಯನೂ ಮೋಸ ಹೋಗಲಾರ. ಡಬ್ಬದಲ್ಲಿ ಎಲ್ಲವೂ ನಾಯಿಯದೇ. ಸಮಾಧಾನವಾಗಬೇಕಿತ್ತು, ಅರ್ಧ ಆಯಿತು. ಡಬ್ಬದಲ್ಲಿ ಮೋಸವಿಲ್ಲ ಎಂದ ಮಾತ್ರಕ್ಕೆ ಬೀದಿಯಲ್ಲಿ ಮೋಸವಿಲ್ಲ ಎಂದಾಗುವುದಿಲ್ಲವಲ್ಲ.

ಆ ಸಂಜೆ ನನ್ನ ಮುಂದೆ ಒಂದು ಸುಲಭದ ದಾರಿ ಇತ್ತು. ನಾಯಿ ನಮ್ಮ ಗೂಡಿನಲ್ಲಿದೆ. ನಾಳೆ ಬೆಳಗ್ಗೆ ಆಪರೇಷನ್ ಮಾಡಿಬಿಟ್ಟರೆ ಎಲ್ಲ ಮುಗಿಯಿತು. ಸೋಂಕಿತ್ತು, ಚಿಕಿತ್ಸೆ ಕೊಟ್ಟೆವು ಅಂತ ಕಚೇರಿಗೆ ತಿಳಿಸಿದರೆ ಯಾರು ಹೊಟ್ಟೆ ಬಗೆದು ನೋಡುತ್ತಾರೆ? ಗಂಡುನಾಯಿಗಳು ಚದುರುತ್ತವೆ, ಅರ್ಜಿ ತಣ್ಣಗಾಗುತ್ತದೆ. ಬೆದೆಯಲ್ಲಿರುವಾಗ ರಕ್ತನಾಳಗಳು ಊದಿಕೊಂಡಿರುತ್ತವೆ, ರಕ್ತ ಹೆಚ್ಚು ಹೋಗುತ್ತದೆ. ಆದರೂ ಮಾಡಲಾಗದ ಕೆಲಸವೇನಲ್ಲ. ಆದರೆ ಹಾಗೆ ಮಾಡಿದರೆ ಕಿವಿ ಕುಯ್ದವರು ಯಾರು ಅಂತ ಎಂದಿಗೂ ಗೊತ್ತಾಗುವುದಿಲ್ಲ. ಭಾಯ್ ಪಕ್ಕದಲ್ಲಿ ನಿಂತಾಗಲೆಲ್ಲ ನಾನು ಅವರ ಕೈಯನ್ನೇ ನೋಡುತ್ತಿರುತ್ತೇನೆ. ಅದು ನನ್ನಿಂದ ಆಗದ ಮಾತು. ನಾಯಿಯನ್ನು ಮುಟ್ಟುವುದು ಬೇಡ, ಹೇಗಿದೆಯೋ ಹಾಗೇ ಇರಲಿ ಅಂತ ತೀರ್ಮಾನ ಮಾಡಿದೆ.

ಹೊರಗೆ ವಿಚಾರಿಸಿದರೆ ಒಂದೇ ಉತ್ತರ. “ಅಯ್ಯೋ, ಅದು ಬೀದಿ ನಾಯಿ ಕಣ್ ಮೇಡಂ, ಯಾರ್ದೂ ಅಲ್ಲ.” ಹಾಲಿನ ಡೈರಿಯಲ್ಲಿ ಅದೇ, ಟೈಲರ್ ಅಂಗಡಿಯಲ್ಲಿ ಅದೇ. ಒಬ್ಬ ಹೆಂಗಸು ಏನೋ ಹೇಳಲು ಬಾಯಿ ತೆರೆದು, ಗೊಬ್ಬರದ ಅಂಗಡಿಯ ಕಡೆ ನೋಡಿ ಒಳಗೆ ಹೋದಳು. ಈ ಯಾರದ್ದೂ ಅಲ್ಲದ ನಾಯಿಯಾದರೋ ನಮ್ಮ ಅನ್ನ, ಕೋಳಿಕಾಲು ಎರಡನ್ನೂ ಮೂಸಿ ಮುಖ ತಿರುಗಿಸಿ ಮಲಗಿತ್ತು.

ಆ ಹೊತ್ತಿಗೆ ಗಂಡುನಾಯಿಗಳು ನಮ್ಮ ಕಾಂಪೌಂಡಿಗೆ ವಾಸ ಬದಲಾಯಿಸಿದ್ದವು. ಗೋಡೆಯೆಲ್ಲ ಉಚ್ಚೆ. ನನಗೆ ತಲೆಚಿಟ್ಟು ಹಿಡಿದಿತ್ತು. ಬೆಳಗ್ಗೆ ಟೀ ಹಿಡಿದು ಬಾಗಿಲಲ್ಲಿ ನಿಂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವುಗಳಲ್ಲಿ ನಾಲ್ಕಾರು ನಾಯಿ, ಬಿಳಿಯನೂ ಸೇರಿ, ಆಗಾಗ ಎದ್ದು ಎಲ್ಲಿಗೋ ಹೋಗಿಬರುತ್ತಿದ್ದವು. ಹೆಣ್ಣು ಇಲ್ಲೇ ಇದೆ, ವಾಸನೆ ಇಲ್ಲೇ ಇದೆ. ಇದನ್ನು ಬಿಟ್ಟು ಎಲ್ಲಿಗೆ ಹೋಗುತ್ತವೆ? ಟೀ ಲೋಟ ಕಿಟಕಿಯಲ್ಲಿಟ್ಟು ಅವುಗಳ ಹಿಂದೆ ನಡೆದೆ.

ನಾಯಿಗಳ ಹಿಂದೆ ನಾಯಿ ಡಾಕ್ಟರಮ್ಮ ಹೋಗುವುದನ್ನು ನೋಡಿ ಟೀ ಅಂಗಡಿಯವರು ಏನೋ ಅಂದರು, ಕೇಳಿಸಿಕೊಳ್ಳಲಿಲ್ಲ. ಬಿಳಿಯ ಲೈಟುಕಂಬಕ್ಕೆ ಮೂಗು ಹಚ್ಚಿದ. ಮೋರಿಯ ಚಪ್ಪಡಿಗೆ ಹಚ್ಚಿದ. ಡೈರಿಯ ಮೆಟ್ಟಿಲು ನೆಕ್ಕಿ ಹಲ್ಲು ಕಟಕಟಿಸಿದ. ಎಲ್ಲ ಕಡೆ ನಿಂತು, ಓದಿ, ಕಾಲೆತ್ತಿ ಮುಂದೆ ಹೋದ. ಅವು ಹೆಣ್ಣು ನಡೆದುಹೋದ ಜಾಗಗಳು. ಊರ ಅಂಚಿಗೆ ಒಂದು ಹಿತ್ತಿಲ ಗೇಟಿನ ಮುಂದೆ ಬಂದಾಗ ಮಾತ್ರ ಅವು ಮುಂದೆ ಹೋಗಲಿಲ್ಲ. ಕೂತವು. ನಡೆದ ಜಾಗದಲ್ಲಿ ಗಂಡುನಾಯಿ ನಿಲ್ಲುತ್ತದೆ. ಹೆಣ್ಣು ದಿನಾ ಮಲಗೆದ್ದ ಜಾಗದಲ್ಲಿ ಕೂರುತ್ತದೆ. ಗೇಟಿನ ಕಂಬಿಗಳ ನಡುವೆ ಮೂತಿ ತೂರಿಸಿ ಒಂದು ನಾಯಿ ಗೋಣಿಚೀಲವೊಂದನ್ನು ಹಲ್ಲಿನಿಂದ ಎಳೆಯುತ್ತಿತ್ತು. ಒಳಗೆ ಕೊಟ್ಟಿಗೆ, ಎರಡು ಹಸು, ಒಂದು ಕರು.

ಕೊಟ್ಟಿಗೆಯಿಂದ ಅಜ್ಜಿಯೊಬ್ಬರು ಪೊರಕೆ ಹಿಡಿದು ಬಂದರು. “ಥೂ, ನಿಮ್ ಮನೆ ಆಳಾಗ. ಅವ್ಳಿಲ್ಲ ಓಗ್ರೋ,” ಅಂತ ನಾಯಿಗಳಿಗೆ ಬೈದವರು ನನ್ನನ್ನು ನೋಡಿ ತಟ್ಟನೆ ನಿಂತರು.

“ನೀನ್ಯಾರವ್ವ?”

“ನಾಯಿ ಡಾಕ್ಟ್ರು ಅಜ್ಜಿ.”

ಅವರು ಚೀಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರು.

“ಆ ಚೀಲ ನಾಯಿ ಮಲಗೋದಾ?”

“ಊರಲ್ ಯಾರ್ ಮನೇಲಿ ಚೀಲ ಇಲ್ಲ? ಗೊಬ್ಬರದ ಅಂಗ್ಡಿ ಮನೆ ಇದು, ಚೀಲ ಇರ್ದೆ ಪೀತಾಂಬರ ಇರ್ತದಾ?”

ಆಗ ನನಗೆ ದಿಕ್ಕು ತಿಳಿಯಿತು. ನಾನು ಹಿಂದಿನ ಓಣಿಯಿಂದ ಬಂದಿದ್ದೆ. ಇದು ಯಜಮಾನರ ಮನೆಯ ಹಿತ್ತಿಲು. ಅರ್ಜಿ ಬರೆದ ಯಜಮಾನರ ತಾಯಿ ಇವರು. ಈ ಮನೆಯವರೆಲ್ಲ ಸೇರಿ ಕಟ್ಟಿದ ನಾಟಕವಿರಬೇಕು ಅನ್ನಿಸಿ ಮೈ ಉರಿಯಿತು. ಏನೂ ಮಾತಾಡದೆ ಹೊರಟೆ. ಹತ್ತು ಹೆಜ್ಜೆ ಹೋಗಿರಬಹುದು, ಹಿಂದಿನಿಂದ ಅಜ್ಜಿಯ ದನಿ ಬಂತು, ಮೊದಲಿನ ಜೋರಿಲ್ಲದೆ.

“ಏನವ್ವ, ಮುದ್ದೆ ಆಕಿದ್ರಾ ಅದ್ಕೆ? ಅನ್ನ ಮುಟ್ಟಕಿಲ್ಲ ಅದು.”

ತಿರುಗಿದೆ. ಅಜ್ಜಿ ಗೇಟು ಹಿಡಿದು ನಿಂತಿದ್ದರು. ಬಾಯಿಂದ ಮಾತು ಜಾರಿದ್ದು ಅವರಿಗೂ ಗೊತ್ತಾಗಿತ್ತು.

“ಎರಡ್ ದಿನದಿಂದ ಏನೂ ತಿಂದಿಲ್ಲ ಅಜ್ಜಿ,” ಅಂದೆ.

ಅಷ್ಟಕ್ಕೇ ಅವರು ಸೆರಗು ಬಾಯಿಗೆ ಹಿಡಿದರು. ಗೇಟು ತೆಗೆದು ನನ್ನನ್ನು ಒಳಗೆ ಕೂರಿಸಿಕೊಂಡರು. ಕೆಂಚಿ ಅಂತ ಅದರ ಹೆಸರು. ಮಗನಿಗೆ ನಾಯಿ ಅಂದರೆ ಆಗದು, ನಮ್ಮದಲ್ಲ ಅಂತಲೇ ಹೇಳುತ್ತಾನೆ, ಹಾಗಾಗಿ ಬೀದಿಯವರೂ ಹಾಗೇ ಹೇಳುತ್ತಾರೆ. ಕರಿಘಟ್ಟಕ್ಕೆ ಮದುವೆಗೆ ಹೋಗಿದ್ದಾಗ ತಂಗಿಯ ಮನೆಯಿಂದ ಮಡಿಲಲ್ಲಿ ತಂದ ಮರಿಯಂತೆ.

“ಓದ್ವರ್ಸ ಚಿರ್ತೆ ಬಂದು ಪಕ್ಕದ್ ಮನೆ ಕರ ಎತ್ಕೊಂಡೋಯ್ತು. ಮಾರ್ನೆ ದಿಸ ನಮ್ ಕೊಟ್ಗೆಗೂ ಬಂತು. ಇವ್ಳು ಬುಡ್ಲಿಲ್ಲ ಕಣವ್ವ. ಬೊಗುಳಿ ಬೊಗುಳಿ ಊರೇ ಎಬ್ಬುಸ್ಬುಟ್ಲು. ಅಂತಾ ನಾಯಿ ಇನ್ನೆಲ್ ಸಿಕ್ತದೆ? ಅವ್ಳ ವಟ್ಟೇದು ಒಂದು ಎಣ್ಮರಿ ಇರ್ಲಿ ಅಂತ ಆಸೆ. ಅಷ್ಟ್ರಲ್ಲಿ ನಿಮ್ ಗಾಡಿ ಬಂತು.”

“ಅದಕ್ಕೆ?”

“ಕಿವಿ ಕುಯ್ದಿರೋವ್ನ ಮುಟ್ಟಕಿಲ್ಲ ನೀವು. ಬೀದೀಲಿ ನೋಡ್ತಿದ್ನಲ್ಲ. ನಮ್ಮಪ್ಪನ ಮನೇಲಿ ಕುರಿ ಇದ್ವು. ಮರಿಗೆ ಕಿವಿ ಗುರ್ತು ಆಕೋಳು ನಾನೇ. ಕುರಿ ಕಿವಿ ಕುಯ್ದೋಳ್ಗೆ ನಾಯಿ ಕಿವಿ ಯಾವ ಲೆಕ್ಕ? ತೊಡೆ ಸಂದೀಲಿ ಇಡ್ಕೊಂಡು ಕತ್ತರೀಲಿ ಕಚಕ್ ಅನ್ಸ್ದೆ. ಒಂಚೂರು ಕೊಡುವ್ಕೊಂಡ್ಲು. ಅರಿಶ್ನ, ಕೊಬ್ರಿಎಣ್ಣೆ ಅಚ್ಚಿ ಬುಟ್ಟೆ. ನಮ್ಮಟ್ಟಿ ಗುರ್ತು ಅಂದ್ಕೊಳ್ಳಿ ಬುಡಿ.”

“ನಿಮ್ಮ ಮಗನಿಗೆ ಗೊತ್ತಾ?”

“ಗಾಡಿಯವ್ರು ಇಡ್ಕೊಂಡೋಗಿ ಆಪ್ರೇಸನ್ ಮಾಡಿ ಬುಟ್ರು ಅಂದೆ. ನಂಬ್ದ.”

ನಂಬಿದ್ದರಿಂದಲೇ ಅರ್ಜಿ ಬರೆದಿದ್ದರು. ಆಪರೇಷನ್ ಆದ ನಾಯಿ ಬೆದೆಗೆ ಬಂದರೆ ಯಾರೋ ಮೋಸ ಮಾಡಿದ್ದಾರೆ ಅಂತ ಅವರಿಗೆ ಅನ್ನಿಸಿದ್ದು ತಪ್ಪಲ್ಲ. ಮೋಸ ಮಾಡಿದವರು ತಮ್ಮ ಅಡುಗೆಮನೆಯಲ್ಲೇ ಇದ್ದಾರೆಂದು ಅವರಿಗೆ ತಿಳಿದಿರಲಿಲ್ಲ. ನಾನು ಅಜ್ಜಿಗೆ ಅರ್ಜಿಯ ವಿಷಯ ಹೇಳಿದೆ. ಬಲೆಯ ಭಾಯ್ ಮೇಲೆ ದೂರು, ಶುಕ್ರವಾರದ ಮೇಲೆ ಪೊಲೀಸ್ ಸ್ಟೇಷನ್ನು ಅಂತ ಹೇಳಿದೆ.

“ಯಾರ್ ಮ್ಯಾಲೆ?” ಎಂದರು ಅಜ್ಜಿ. ಮತ್ತೆ ಹೇಳಿದೆ. ಅವರು ಕರುವಿನ ಕಡೆ ತಿರುಗಿದರು. “ನಾನು ನಾಯಿ ಉಳೀಲಿ ಅಂತ ಮಾಡ್ದೆ ಕಣವ್ವ. ಮನ್ಸನ್ ತಲೆಗೆ ಬತ್ತದೆ ಅಂತ ನಂಗೇನ್ ಗೊತ್ತು,” ಎಂದರು.

ಯಜಮಾನರು ಅಂಗಡಿಯಿಂದ ಬಂದರು. ತಾಯಿಯೇ ಎಲ್ಲ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಯಜಮಾನರ ಮುಖದ ಬಣ್ಣ ಹೋಯಿತು. ನನ್ನನ್ನು ಜಗಲಿಗೆ ಕರೆದು, ದನಿ ತಗ್ಗಿಸಿ ಹೇಳಿದರು.

“ಡಾಕ್ಟ್ರಮ್ಮ, ಆದದ್ದಾಯ್ತು. ಅರ್ಜಿ ವಾಪಸ್ ತಕ್ಕೊಬುಡ್ತೀನಿ. ಯಾರ್ಗೂ ಏಳದ್ ಬ್ಯಾಡ. ಇಲ್ಗೇ ಮುಗಿಸ್ಬುಡಮ. ವಯಸ್ಸಾದ ಎಂಗಸು ನಮ್ಮವ್ವ.”

ನನಗೂ ಅದು ಸರಿಯೇ ಅನ್ನಿಸಿತು. ಭಾಯ್ ಬಚಾವಾದರು, ಅಜ್ಜಿಯ ಮರ್ಯಾದೆ ಉಳಿಯಿತು, ನನ್ನ ಕ್ಯಾಂಪೂ ಉಳಿಯಿತು. ಹಗುರಾಗಿ ನಡೆದು ಬಂದು ಭಾಯ್‌ಗೆ ಸುದ್ದಿ ಹೇಳಿದೆ. ಅವರು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ತಲೆ ಅಲ್ಲಾಡಿಸಿದರು.

“ಸುಮ್ನೆ ವಾಪಸ್ ತಗೊಂಡ್ರೆ ಜನ ಏನಂತಾರೆ ಗೊತ್ತಾ ಮೇಡಮ್ಮಾ? ಒಳಗೊಳ್ಗೇ ಏನೋ ಕೊಟ್ಟು ಬಾಯಿ ಮುಚ್ಚಿಸ್ದ ಅಂತಾರೆ. ಈಗ ಅರ್ಧ ಊರು ಕಳ್ಳ ಅಂತದೆ, ಆಮೇಲೆ ಪೂರಾ ಊರು ಅಂತದೆ. ಮುಂದಿನ ಕ್ಯಾಂಪು ಶ್ರೀರಂಗಪಟ್ಟಣ. ನನ್ ಮಗಳನ್ನ ಕೊಟ್ಟಿರೋ ಮನೆ ಅಲ್ಲೇ. ಮೇಕೆ ಗರ್ಭ ತುಂಬೋನು ಅಂತ ಆ ಬೀದೀಲಿ ನಡೀಬೇಕಾ ನಾನು? ಬೀದೀಲಿ ಅಂದಿದ್ದನ್ನ ಬೀದೀಲೇ ತೆಗೀಬೇಕು. ಇಜ್ಜತ್ ಮಾತು ಇದು.”

ಅವರು ಔಷಧಿ ನೀರಿನ ಡಬ್ಬದ ಕಡೆ ಕಣ್ಣು ಹಾಯಿಸಿದರು.

“ನೀವೂ ಡಬ್ಬ ತೆಗ್ದು ನೋಡಿದ್ರಿ. ಗ್ಲೌಸು ಒದ್ದೆ ಇತ್ತು.”

“ನೋಡಿದೆ ಭಾಯ್. ತಪ್ಪಾಯ್ತು.”

“ತಪ್ಪೇನಿಲ್ಲ. ನೀವು ನೋಡಿ ತಿಳ್ಕೊಂಡ್ರಿ. ಅವ್ರು ನೋಡ್ದೇನೇ ಅಂದ್ರು.”

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಿಟ್ಟು ನನ್ನ ಮೇಲೆ, ಇಲ್ಗೇ ಮುಗಿಸ್ಬುಡಮ ಎಂಬ ಮಾತಿಗೆ ಅಷ್ಟು ಬೇಗ ಒಪ್ಪಿದ್ದಕ್ಕೆ. ಯಜಮಾನರಿಗೆ ಫೋನು ಮಾಡಿದೆ. ನಾಯಿ ನಿಮ್ಮದು, ಬೀದಿಯದಲ್ಲ, ಹಾಗಾಗಿ ನಾನು ಆಪರೇಷನ್ ಮಾಡುವಂತಿಲ್ಲ, ವಾಪಸ್ ತಂದು ಬಿಡುತ್ತೇವೆ, ಬೀದಿಯಲ್ಲೇ ತರುತ್ತೇವೆ, ನೀವು ಗೇಟಿನಲ್ಲಿ ಇರಬೇಕು ಅಂದೆ. ಅವರು ಗಾಡಿಯಲ್ಲಿ ಹಿಂದಿನ ಓಣಿಗೆ ತನ್ನಿ ಎಂದರು. ಆಗುವುದಿಲ್ಲ ಅಂದೆ. ಅವರು ಫೋನು ಇಟ್ಟರು. ಬರುತ್ತಾರೋ ಇಲ್ಲವೋ ತಿಳಿಯಲಿಲ್ಲ.

ಭಾಯ್ ಗಾಡಿ ಬೇಡ ಎಂದರು. ಕೆಂಚಿಯ ಕೊರಳಿಗೆ ಮೆತ್ತನೆಯ ಹಗ್ಗ ಹಾಕಿ, ಸಂತೆಯ ಹೊತ್ತಿಗೆ ಸರಿಯಾಗಿ ಕ್ಯಾಂಪಿನಿಂದ ಹೊರಟರು. ಅದು ಅವರ ಕಾಲಿಗೆ ಅಂಟಿಕೊಂಡು ನಡೆಯಿತು. ಬೋಳಿಸಿದ ಎರಡು ಪಕ್ಕೆಯೂ ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಹಿಂದೆ ನಾನು. ನನ್ನ ಹಿಂದೆ ಬಿಳಿಯ, ಕರಿಯ, ಊರಿನ ಅಷ್ಟೂ ಗಂಡುನಾಯಿ, ದಾರಿಯ ಪ್ರತಿ ಕಲ್ಲನ್ನೂ ಓದಿಕೊಂಡು. ತರಕಾರಿಯವರು ತಕ್ಕಡಿ ನಿಲ್ಲಿಸಿ ನೋಡಿದರು. “ಏನ್ ಸಾಬ್ರೆ, ದಿಬ್ಬಣನಾ?” ಎಂದ ಒಬ್ಬ. ಭಾಯ್ ಉತ್ತರ ಕೊಡಲಿಲ್ಲ, ನಡಿಗೆಯನ್ನೂ ಜೋರು ಮಾಡಲಿಲ್ಲ. ಜನ ಹಿಂದೆ ಬಂದರು. ಅದು ನಮಗೆ ಬೇಕಾಗಿದ್ದೂ ಆಗಿತ್ತು.

ಗೇಟಿನಲ್ಲಿ ಅಜ್ಜಿ ನಿಂತಿದ್ದರು, ಕೈಯಲ್ಲಿ ಮುದ್ದೆಯ ತಟ್ಟೆ. ಕೆಂಚಿ ಹಗ್ಗ ಜಗ್ಗಿ ಹೋಗಿ ತಟ್ಟೆಗೆ ಬಾಯಿ ಹಾಕಿತು. ಯಜಮಾನರು ಕಾಣಲಿಲ್ಲ. ಬೀದಿ ತುಂಬಿತು. ಜನ ನಾಯಿಯ ಪಕ್ಕೆ ನೋಡಿ ಪಿಸುಗುಟ್ಟಿದರು. ಗೆರೆ ಇಲ್ಲ ನೋಡು, ಅವತ್ತೇ ಅಂದಿರ್ಲಿಲ್ವಾ ಎಂಬ ಮಾತು ನನ್ನ ಕಿವಿಗೂ ಬಿತ್ತು. ಒಂದು ಕ್ಷಣ ನಾನು ಮಾಡಿದ್ದು ತಪ್ಪಾಯಿತೇನೋ ಅನ್ನಿಸಿತು. ನಾಯಿಯ ಮೈಯಲ್ಲಿದ್ದದ್ದು ಭಾಯ್ ವಿರುದ್ಧದ ಸಾಕ್ಷಿಯೇ. ಅಜ್ಜಿ ಬಾಯಿ ಬಿಡದಿದ್ದರೆ ಭಾಯ್ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಅಜ್ಜಿ ತಟ್ಟೆ ಕೆಳಗಿಟ್ಟರು.

“ಏನ್ರಪ್ಪಾ ನೋಡೀರಿ? ಆಪ್ರೇಸನ್ ಆಗಿಲ್ಲ ಇದ್ಕೆ. ಇವ್ರು ಮುಟ್ಟೇ ಇಲ್ಲ ಇದ್ನ. ಕಿವಿ ಕುಯ್ದೋಳು ನಾನು.” ಆಮೇಲೆ ಮನೆಯ ಕಡೆ ತಿರುಗಿ ಕೂಗಿದರು. “ಬಾರ್ಲಾ ಈಚ್ಗೆ. ಅರ್ಜಿ ಬರೆಯಕ್ಕೆ ಕೈ ಬಂತಲ್ಲ, ಈಗ ಕಾಲಿಗೇನ್ ಬಂತು ನಿಂಗೆ?”

ಯಜಮಾನರು ಬಾಗಿಲ ಮರೆಯಿಂದ ಹೊರಬಂದರು. ಬಿಳಿ ಶರಟಿನ ತೋಳು ಮಡಚಿಕೊಳ್ಳುತ್ತಾ, ಬಿಚ್ಚುತ್ತಾ ಗೇಟಿನವರೆಗೆ ಬಂದು, ನೆಲ ನೋಡುತ್ತಾ ನಿಂತರು. ಭಾಯ್ ಹಗ್ಗವನ್ನು ಅವರ ಕೈಗೆ ಕೊಟ್ಟರು. ಗಂಡುನಾಯಿಗಳು ತಕ್ಷಣ ಯಜಮಾನರ ಕಾಲಿನ ಸುತ್ತ ಸೇರಿಕೊಂಡವು. ಯಾರೋ ನಕ್ಕರು, ಅಜ್ಜಿ ಅತ್ತ ನೋಡಿದ್ದೇ ನಗು ನಿಂತಿತು.

“ನಾಯಿ ನಮ್ದೇ,” ಎಂದರು ಯಜಮಾನರು. “ನಮ್ಮವ್ವನೇ ಕಿವಿ ಕುಯ್ದಿದ್ದು. ಭಾಯ್‌ದು ಏನೂ ತಪ್ಪಿಲ್ಲ. ಅರ್ಜೀಲಿ ನಾನು ಬರ್ದಿದ್ದು ಸುಳ್ಳು.”

ಮೆಲುದನಿಯಲ್ಲಿ ಹೇಳಿದ್ದರು. ಮುಂದೆ ನಿಂತವರಿಗೆ ಕೇಳಿಸಿತು, ಹಿಂದಿನವರು ಏನಂತೆ ಏನಂತೆ ಎನ್ನುತ್ತಿದ್ದರು. ನಾನು ಹೊರಡೋಣ ಅಂತ ಭಾಯ್ ಕಡೆ ನೋಡಿದೆ. ಅವರು ನಿಂತಲ್ಲಿಂದ ಕದಲಲಿಲ್ಲ.

“ಇನ್ನೊಂದ್ ಸಲ ಹೇಳಿ ಯಜಮಾನ್ರೇ,” ಎಂದರು, ಮೆತ್ತಗೆ. “ಆ ಕೊನೆ ಮನೆಯೋರ್ಗೂ ಕೇಳ್ಲಿ.”

ಯಜಮಾನರು ತಲೆಯೆತ್ತಿ ಭಾಯ್ ಮುಖ ನೋಡಿದರು. ಆಮೇಲೆ ಹಗ್ಗ ಬಿಗಿಯಾಗಿ ಹಿಡಿದುಕೊಂಡು, ಬೀದಿಯ ಕಡೆ ತಿರುಗಿ, ಇನ್ನೊಮ್ಮೆ ಹೇಳಿದರು. ಈ ಸಲ ಜೋರಾಗಿ ಹೇಳಿದರು.